ಇಲ್ಲದ ತಂಗಿಯ ಹತ್ತು ಗುಂಟೆ

ತುಮಕೂರಿನ ವಕೀಲರೊಬ್ಬರ ಆಫೀಸಿನ ಬೆಂಚಿನ ಮೇಲೆ ರೂಪಶ್ರೀ ಗೂಳೂರಿನ ತನ್ನ ಜಮೀನಿನ ಖಾತೆ ಕಾಗದ ಹಿಡಿದು ಕೂತಿದ್ದಳು. ಪಕ್ಕದಲ್ಲೊಬ್ಬ ಮುದುಕಿ, ಅವಳ ಮಗ. ಬೇರೆಯವರ ಮನೆಮಾತು ಕೇಳಬಾರದು ಅಂದುಕೊಂಡರೂ ರೂಪಶ್ರೀಯ ಕಿವಿ ಅತ್ತಲೇ ಹೋಯಿತು.

“ಈಗಲಾದ್ರೂ ಹೇಳಮ್ಮ. ಬೆಂಗಳೂರಿನ ನಮ್ಮ ಖಾಲಿ ಜಾಗದಲ್ಲಿ ಅರ್ಧ ಆ ನಾಗವೇಣಿ ಹೆಸರಲ್ಲಿದೆ. ಯಾರವಳು?”

“ಯಾರೂ ಅಲ್ಲ ಕಣೋ. ಆಗ ಸಿಟೀಲಿ ಒಂದು ಮನೆಯೋರ ಹತ್ರ ಹತ್ತು ಗುಂಟೆಗಿಂತ ಜಾಸ್ತಿ ಖಾಲಿ ಜಾಗ ಇದ್ರೆ ಸರ್ಕಾರ ಕಿತ್ಕೊಳ್ತಿತ್ತು. ಅದಕ್ಕೇ ನಿಮ್ಮಪ್ಪ ಇಲ್ಲದ ತಂಗಿ ಒಬ್ಳನ್ನ ಹುಟ್ಟಿಸಿ, ಮಿಕ್ಕಿದ್ದನ್ನ ಅವಳ ಹೆಸರಿಗೆ ಬರೆದ್ರು.”

“ಪತ್ರದಲ್ಲಿ ಹೆಬ್ಬೆಟ್ಟಿದೆಯಲ್ಲ?”

“ನಂದೇ. ಸೆರಗು ಹೊದ್ಕೊಂಡು ಹೋಗಿ ಒತ್ತಿದ್ದೆ.”

“ಆ ಕಾನೂನು ಹೋಗಿ ಇಪ್ಪತ್ತೈದು ವರ್ಷದ ಮೇಲಾಯ್ತು. ಆಗಲೇ ಸರಿ ಮಾಡಿಸ್ಬೇಕಿತ್ತು.”

“ಆಫೀಸಲ್ಲಿ ಕೇಳಿದ್ದಕ್ಕೆ, ಅವಳು ಸತ್ತಿರೋ ಸರ್ಟಿಫಿಕೇಟ್ ತನ್ನಿ ಅಂದ್ರು. ಹುಟ್ಟದೇ ಇರೋಳನ್ನ ಹೇಗೋ ಸಾಯಿಸೋದು? ಈಗ್ಯಾಕೆ ಅದೆಲ್ಲ?”

“ಹೋದ್ವಾರ ಯಾರೋ ಬೇಲಿ ಹಾಕಿ, ‘ಮಾಲೀಕರು ನಾಗವೇಣಿ’ ಅಂತ ಬೋರ್ಡ್ ನೆಟ್ಟಿದಾರೆ. ಈ ವಕೀಲ್ರು ನಮ್ಗೆ ನೋಟಿಸ್ ಕಳಿಸಿರೋದೂ ಅವಳ ಪರವಾಗೇ.”

ಮುದುಕಿ ಎಡಗೈ ಹೆಬ್ಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ಎಳೆದುಕೊಂಡಳು.

ಗುಮಾಸ್ತ ಬಾಗಿಲಲ್ಲಿ ಇಣುಕಿದ. “ಕೌಸಲ್ಯಮ್ಮನೋರೇ, ಬನ್ನಿ. ನಾಗವೇಣಿಯವರು ಆಗ್ಲೇ ಬಂದು ಕೂತಿದಾರೆ.”

ತಾಯಿ ಮಗ ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿಕೊಳ್ಳುವ ಮುಂಚೆ ಒಳಗಿನಿಂದ ಹೆಂಗಸೊಬ್ಬಳ ಅಕ್ಕರೆಯ ದನಿ ರೂಪಶ್ರೀಗೆ ಕೇಳಿಸಿತು:

“ಬನ್ನಿ ಅತ್ತಿಗೆ, ಎಷ್ಟು ವರ್ಷ ಆಯ್ತು ನಿಮ್ಮನ್ನ ನೋಡಿ!”