ಸಲಾಂ ಹೇಳದ ಮೊಮ್ಮಗಳು

ನಾರಿನ್ ಊರಿನ ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಇಬ್ಬರು ಕಾಯುತ್ತಿದ್ದರು. ಮೊಮ್ಮಗಳು ಮೇರಿಮ್ ಅಜ್ಜಿಗೆ ನೀರು ತರಲು ಹೋಗಿದ್ದಳು. ಅತ್ತೆ ಕೂರುವುದು, ಏಳುವುದು.

"ಅವಳದ್ದು ಕಣ್ಣಿನ ತೊಂದ್ರೆ ಅಲ್ಲ ಕಣೇ, ಕೊಬ್ಬು. ಹಿರಿಯರು ಎದುರು ಬಂದ್ರೂ ಸಲಾಂ ಹೇಳಲ್ಲ."

"ಕಂಡ್ರೆ ತಾನೇ ಹೇಳೋದು, ಅತ್ತೆ?"

"ಸೂಜಿಗೆ ದಾರ ಪೋಣಿಸ್ತಾಳಲ್ಲ!"

"ಅದು ಮೂಗಿನ ಹತ್ರ. ದೂರದ್ದೆಲ್ಲ ಮಂಜು ಅಂತಾಳೆ."

"ಕನ್ನಡಕದವಳನ್ನ ಯಾರು ಸೊಸೆ ಮಾಡ್ಕೋತಾರೆ? ನಡಿ ಮನೆಗೆ."

ಅತ್ತೆ ಬಾಗಿಲವರೆಗೂ ಹೋಗಿಬಿಟ್ಟರು. ಅಷ್ಟರಲ್ಲಿ ಮೇರಿಮ್ ಬಂದಳು. ಬಾಗಿಲಲ್ಲಿದ್ದ ಅಜ್ಜಿಯನ್ನು ದಾಟಿ, ಅವರಂತೆಯೇ ತಲೆಗೆ ಬಿಳಿ ವಸ್ತ್ರ ಕಟ್ಟಿದ್ದ ನನ್ನತ್ತ ಲೋಟ ಚಾಚಿದಳು.

"ತಗೋ ಅಜ್ಜಿ, ನೀರು."

ಅಜ್ಜಿ ಸರಸರನೆ ತಿರುಗಿ ಬಂದು ಅವಳ ಕೈ ಹಿಡಿದರು.

"ನಾನಿಲ್ಲಿದ್ದೀನಿ, ಮಗಾ."

ಆಮೇಲೆ ಸೊಸೆಯನ್ನು ಗದರಿದರು: "ಕೂತೇ ಇದ್ದೀಯಲ್ಲ! ಯಾವಾಗ ನೋಡ್ತಾರೆ ಅಂತ ಡಾಕ್ಟರನ್ನ ಕೇಳು, ಹೋಗು."

ಮೂವರೂ ಒಳಗೆ ಹೋದರು. ಲೋಟ ನನ್ನ ಕೈಯಲ್ಲೇ ಉಳಿಯಿತು.