ಮಗಳ ಮೊಬೈಲಿಗೆ ಬಂದ ಆರಂಕಿ

ಮಾನ್ಯ ಅಧ್ಯಕ್ಷರಾದ ನಾಗರಾಜಪ್ಪನವರೇ, ಸೊರಬದಿಂದ ದಯಮಾಡಿಸಿರುವ ಮುಖ್ಯ ಅತಿಥಿ ಜಯಪ್ಪನವರೇ, ಇಂದಿನ ಸನ್ಮಾನಿತೆ ಅಶ್ವಿನಿಯವರೇ, ಒಗ್ಗರಣೆಯ ವಾಸನೆ ಬಂದರೂ ಎದ್ದುಹೋಗದ ಧೈರ್ಯವಂತ ಸಭಿಕರೇ,

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಇತಿಹಾಸದಲ್ಲಿ ಚಿನ್ನದ ಅಕ್ಷರಗಳಿಂದ ಬರೆದಿಡಬೇಕಾದ ವಾರ್ತೆಯೊಂದನ್ನು, ಕೇಂದ್ರದ ಕಾರ್ಯದರ್ಶಿಯಾದ ರೇಣುಕಾಪ್ರಸಾದ್ ಎಂಬ ನಾನು ಈ ಮೈಕಿನ ಮೂಲಕ ಘೋಷಿಸುತ್ತಿದ್ದೇನೆ. ನಮ್ಮ ವಧೂವರರ ಮಾಹಿತಿ ಕೇಂದ್ರದ ಜಾಲತಾಣಕ್ಕೆ ಇನ್ನು ಮುಂದೆ ಪಾಸ್‌ವರ್ಡ್ ಒಂದೇ ಸಾಲದು, ಓಟಿಪಿಯೂ ಬೇಕು!

ಚಪ್ಪಾಳೆ ಬರಲಿಲ್ಲ. ಇರಲಿ. ದೊಡ್ಡ ಸುಧಾರಣೆಗಳಿಗೆಲ್ಲ ಮೊದಲು ಹೀಗೇ ಆಗುವುದು.

ಮೊದಲು ಹೇಗಿತ್ತು? ಎಲ್ಲ ಸದಸ್ಯರಿಗೂ ಒಂದೇ ಪಾಸ್‌ವರ್ಡ್. ಯಾರೂ ಮರೆಯಬಾರದೆಂದು ಅದನ್ನು ಕಚೇರಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೆವು. ಬದಲಾಯಿಸಿಕೊಳ್ಳಿ ಎಂದರೆ, ಗೋಡೆಗೆ ಮತ್ತೆ ಯಾರು ಬಣ್ಣ ಹೊಡೆಸುವುದು ಎಂದಿರಿ. ಪರಿಣಾಮವೇನಾಯಿತು? ಅಧ್ಯಕ್ಷರ ಸುಪುತ್ರನ ಎತ್ತರ ಒಂದೇ ದಿನದಲ್ಲಿ ಒಂದು ಅಡಿ ಬೆಳೆಯಿತು. ಹೆಣ್ಣಿನ ಕಡೆಯವರು, ಹುಡುಗ ಒಳಗೆ ಬಂದು ಕುಳಿತ ಮೇಲೂ ಬಾಗಿಲನ್ನೇ ನೋಡುತ್ತಿದ್ದರು. ತಿದ್ದಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಅಧ್ಯಕ್ಷರ ಶ್ರೀಮತಿಯವರು ಯಾಕೋ ತಲೆ ತಗ್ಗಿಸಿದ್ದಾರೆ, ಅವರನ್ನು ಯಾರೂ ನೋಡಬಾರದು.

ಆಗ ಬಂದವರು ಕಂಪ್ಯೂಟರ್ ಕೆಲಸ ಬಲ್ಲ ಅಶ್ವಿನಿ. ಹಳೆಯ ಜಾಲತಾಣವನ್ನು ಕೆಡವಲಿಲ್ಲ, ಹೊಸದನ್ನು ಕಟ್ಟಲಿಲ್ಲ. ಇದ್ದ ಬಾಗಿಲಿಗೇ ಇನ್ನೊಂದು ಚಿಲಕ ಹಾಕಿದರು. "ಪಾಸ್‌ವರ್ಡ್ ನಿಮಗೆ ಗೊತ್ತಿರೋದು, ಮೊಬೈಲು ನಿಮ್ಮ ಕೈಲಿರೋದು. ಎರಡೂ ಇದ್ರೆ ಮಾತ್ರ ನೀವೇ ಅಂತ ನಂಬೋದು ಸರ್" ಎಂದು ನನಗೆ ತಿಳಿಸಿ ಹೇಳಿದರು. ಮೊದಲ ಸಲ ಒಳಗೆ ಹೋಗಲು ಆರಂಕಿಯ ಒಂದು ನಂಬರ್, ಆಮೇಲೆ ಸಂಬಂಧಕ್ಕೆ 'ಒಪ್ಪಿಗೆ' ಒತ್ತಿದಾಗಲೆಲ್ಲ ಇನ್ನೊಂದು ನಂಬರ್. ಸರಿ ಎಂದು ತಲೆಯಾಡಿಸಿದೆ.

ಆದರೆ ಸಭಿಕರೇ, ನಾವೆಲ್ಲ ಹೆಸರು ನೋಂದಾಯಿಸುವಾಗ ಮಾಡಿದ್ದೇನು? ಕೆಲಸದ ಹೊತ್ತಿನಲ್ಲಿ ಗಂಡಿನ ಕಡೆಯವರು ಫೋನ್ ಮಾಡಿ ತಲೆ ತಿನ್ನುತ್ತಾರೆಂದು, ಅಪ್ಪಂದಿರೆಲ್ಲ ನಮ್ಮ ನಂಬರ್ ಬಿಟ್ಟು ಮಗಳ ನಂಬರ್ ಕೊಟ್ಟೆವು. ಹಾಗಾಗಿ ಈಗ ಪಾಸ್‌ವರ್ಡ್ ಅಪ್ಪನ ತಲೆಯಲ್ಲಿದೆ, ಓಟಿಪಿ ಮಗಳ ಕೈಯಲ್ಲಿದೆ.

ನನ್ನ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಜಯಪ್ಪನವರು ಅನ್ಯಥಾ ಭಾವಿಸಬಾರದು. ಅವರ ಮಗ ಕೊಟ್ರೇಶ್ ಒಳ್ಳೆಯ ಹುಡುಗ. ಸೊರಬದಲ್ಲಿ ಎರಡು ಅಂಗಡಿ. ನನ್ನ ಮಗಳು ಧನ್ಯಾಳಿಗೆ ಇದಕ್ಕಿಂತ ಒಳ್ಳೆಯ ಸಂಬಂಧ ಉಂಟೇ ಎಂದುಕೊಂಡು, ಒಳಗೆ ಹೋಗುವ ನಂಬರನ್ನು ಅವಳಿಂದಲೇ ಕೇಳಿ ಪಡೆದು, ಒಪ್ಪಿಗೆ ಒತ್ತಿದೆ. ಅಡುಗೆಮನೆಯಲ್ಲಿ ಅವಳ ಮೊಬೈಲು ಟಿಣ್ ಎಂದಿತು.

"ಏನೋ ನಂಬರ್ ಬಂತೇನಮ್ಮಾ?"

"ಬಂತು ಅಪ್ಪಾಜಿ."

"ಹೇಳು ಮತ್ತೆ."

"ಯಾರ ಹೆಸರಿಗೆ ಒತ್ತೀರಿ, ಅದನ್ನ ಹೇಳ್ರಿ ಮೊದ್ಲು."

ಹೇಳಿದೆ. ಅವಳು ಮೊಬೈಲನ್ನು ಮಗುಚಿಟ್ಟು ಚಪಾತಿ ಲಟ್ಟಿಸತೊಡಗಿದಳು. ನಂಬರಿನ ಆಯಸ್ಸು ಐದು ನಿಮಿಷ. ಚಪಾತಿ ಮುಗಿಯುವಷ್ಟರಲ್ಲಿ ಅದೂ ಮುಗಿಯಿತು.

ನಾನು ಸುಮ್ಮನಿರುವವನೇ? ನೋಂದಣಿಗೆ ನನ್ನ ನಂಬರ್ ಹಾಕಿಕೊಡಿ ಎಂದು ಅಶ್ವಿನಿಯವರ ಹತ್ತಿರ ಹೋದೆ. ಅದಕ್ಕೂ ಹಳೆಯ ನಂಬರಿಗೇ ಓಟಿಪಿ ಬರುತ್ತದೆ ಎಂದರು. ನಾನು ಕಾರ್ಯದರ್ಶಿ ಎಂದು ನೆನಪಿಸಿದೆ. "ಕಾರ್ಯದರ್ಶಿಗಳಿಗೂ ಅಷ್ಟೇ ಸರ್" ಎಂದರು. ಇಂಥವರಿಗೆ ಶಾಲು ಹೊದಿಸಬೇಕೋ ಬೇಡವೋ ಎಂದು ನಾನು ಬಹಳ ಯೋಚಿಸಿದ್ದುಂಟು.

ಅಲ್ಲಿಂದ ಇಲ್ಲಿಯವರೆಗೆ ಜಯಪ್ಪನವರು ಫೋನ್ ಮಾಡಿದಾಗಲೆಲ್ಲ "ಸರ್ವರ್ ಡೌನ್ ಐತ್ರಿ" ಎನ್ನುತ್ತ ಬಂದಿದ್ದೇನೆ. ಸರ್ವರ್ ಚೆನ್ನಾಗಿತ್ತು, ಜಯಪ್ಪನವರೇ. ಡೌನ್ ಆಗಿದ್ದವನು ನಾನು.

ಕೊನೆಗೆ ಮಗಳನ್ನೇ ಕೇಳಿದೆ, ಯಾರ ಹೆಸರಾದರೆ ನಂಬರ್ ಹೇಳುತ್ತೀ ಎಂದು. ಬಳ್ಳಿಗಾವಿಯ ಚನ್ನೇಶ್ ಎಂದಳು. ಮೋಟರ್ ರಿವೈಂಡಿಂಗ್ ಅಂಗಡಿಯವನು. ಅವನ ಕೋರಿಕೆ ಬಹಳ ಹಿಂದೆಯೇ ಬಂದಿತ್ತು. ಅಂಗಡಿ ಸಣ್ಣದೆಂದು ನಾನೇ ತೆರೆಯದೆ ಬಿಟ್ಟಿದ್ದೆ. ಅವನು ಕೆಲಸದಲ್ಲಿ ಎಂಥವನು ಎಂದು ನನಗೆ ತಿಳಿಯದೇ? ನಮ್ಮ ಬೋರಿನ ಮೋಟರ್ ಸುಟ್ಟಾಗ ಅವನಲ್ಲಿಗೇ ಒಯ್ದಿದ್ದೆ, ಕೇರಿಯವರಿಗೆಲ್ಲ ಅವನ ಹೆಸರನ್ನೇ ಹೇಳಿದ್ದೆ. ನನ್ನ ಶ್ರೀಮತಿ ನೀಲಾಂಬಿಕ ಅಲ್ಲಿಗೇ ಕೈ ಹಾಕಿದರು. "ಮೋಟ್ರು ಕೊಡೋವಾಗ ಅಂಗಡಿ ಎಷ್ಟು ದೊಡ್ಡದು ಅಂತ ಕೇಳಲಿಲ್ಲ ನೀವು. ಕೆಲಸ ನೋಡಿ ಕೊಟ್ರಿ. ಮಗಳಿಗೆ ಮಾತ್ರ ಅಂಗಡಿ ಅಳೀತೀರೇನ್ರಿ?"

ಇದಕ್ಕೆ ಉತ್ತರ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಊಟದ ಹೊತ್ತಿನಲ್ಲಿ ತಿಳಿಸಬೇಕು.

ಈ ಓಟಿಪಿ ತೆಗೆಸಿಬಿಡಿ ಎಂದು ನಿಮ್ಮಲ್ಲಿ ಹಲವರು ನನ್ನ ಕಿವಿಯಲ್ಲಿ ಹೇಳಿದ್ದೀರಿ. ಎಲ್ಲರೂ ಹೆಣ್ಣುಮಕ್ಕಳ ತಂದೆಯರೇ! ತೆಗೆಸುವುದಿಲ್ಲ, ಸ್ವಾಮಿ. ಎರಡನೇ ಚಿಲಕ ಇಷ್ಟು ದಿನ ಇರಲಿಲ್ಲವಲ್ಲ, ಅದೇ ಸೋಜಿಗ.

ಶಾಲು ಹೊದ್ದ ಅಶ್ವಿನಿಯವರಿಗೆ, ನನ್ನನ್ನು ಇನ್ನೂ ಬೈಯದ ಜಯಪ್ಪನವರಿಗೆ, ಹಸಿದ ನಿಮ್ಮೆಲ್ಲರಿಗೆ ವಂದನೆಗಳನ್ನು ಸಲ್ಲಿಸಿ ಮಾತು ನಿಲ್ಲಿಸುತ್ತೇನೆ. ನಮಸ್ಕಾರ.

ಹಾಂ, ಹೋಗುವ ಮುಂಚೆ ಒಂದು ಸಣ್ಣ ಉಪಕಾರ. ಈಗಷ್ಟೇ, ಈ ಮೈಕಿನ ಮುಂದೆಯೇ, ಒಪ್ಪಿಗೆ ಒತ್ತಿದ್ದೇನೆ. ಧನ್ಯಾ ಹಿಂದೆ ಊಟದ ಹಾಲಿನಲ್ಲಿ ಎಲೆ ಹಾಕಿಸುತ್ತಿದ್ದಾಳೆ. ಮೆಸೇಜಿನಲ್ಲಿ ನಂಬರ್ ಮಾತ್ರ ಬರುತ್ತದೆ, ಹೆಸರು ಬರುವುದಿಲ್ಲ. ಕೊನೆಯ ಸಾಲಿನವರು ಯಾರಾದರೂ ಬೇಗ ಹೋಗಿ, ಅಪ್ಪಾಜಿ ಈ ಸಲ ಚನ್ನೇಶನ ಹೆಸರಿಗೇ ಒತ್ತಿದ್ದಾರೆ ಎಂದು ಹೇಳಿ ಬನ್ನಿ. ನಂಬರನ್ನು ನೀವು ಕೇಳಬೇಡಿ. ಅವಳೇ ಬಂದು ನನಗೆ ಹೇಳಲಿ.