ಹನ್ನೊಂದು ಗಂಟೆಯ ಟೀ

ಬೊಮ್ಮಸಂದ್ರದ ಬಸ್ ಸ್ಟಾಪಿನಲ್ಲಿ ಒಂದೇ ಕಾರ್ಖಾನೆಯ ಬ್ಯಾಡ್ಜ್ ಹಾಕಿದ ಇಬ್ಬರು ನನ್ನ ಪಕ್ಕ ನಿಂತಿದ್ದರು: ಕಂಪ್ಯೂಟರ್ ವಿಭಾಗದ ಹುಡುಗಿ, ಸ್ಟೋರ್ಸಿನ ಹಿರಿಯರು.

“ದಿನಾ ಹನ್ನೊಂದಕ್ಕೆ ಡೇಟಾಬೇಸ್ ಸರ್ವರ್ ಯಾಕಮ್ಮ ಬೀಳ್ತಿತ್ತು?”

“ಮೆಮೊರಿ ತುಂಬೋಗ್ತಿತ್ತು ಮುನಿಯಣ್ಣ. ನಿನ್ನೆ ಟೀಗೆ ಹೋಗ್ದೆ ಕೂತು ನೋಡ್ದೆ. ಎಲ್ರೂ ಇಡೀ ವರ್ಷದ ಸ್ಟಾಕ್ ರಿಪೋರ್ಟ್ ಒತ್ತಿ ಟೀಗೆ ಎದ್ದೋಗ್ತಾರೆ.”

“ವಾಪಸ್ ಬರೋಷ್ಟೊತ್ತಿಗೆ ರೆಡಿ ಇರ್ಲಿ ಅಂತ. ಅದನ್ನ ಎಲ್ರಿಗೂ ಹೇಳ್ಕೊಟ್ಟೋನೇ ನಾನು.”

“ನಲವತ್ತು ಜನ ಒಟ್ಟಿಗೇ ಒತ್ತಿದ್ರೆ ಅದಾದ್ರೂ ಏನ್ಮಾಡುತ್ತೆ? ಈಗ ಒಂದಾದ್ಮೇಲೆ ಒಂದು ಬರೋ ಹಾಗೆ ಮಾಡಿದೀನಿ.”

“ನಾವೆಲ್ಲ ನಿನ್ನನ್ನೇ ಬೈತಿದ್ವಲ್ಲಮ್ಮ. ಇವತ್ತು ಬೀಳ್ಲಿಲ್ಲ, ಅಲ್ವಾ?”

“ಇಲ್ಲ. ಎರಡು ತಿಂಗಳಲ್ಲಿ ಇವತ್ತೇ ನಾನು ಟೀ ಬಿಸಿಯಾಗಿ ಕುಡಿದಿದ್ದು.”

ಬಸ್ ಬಂತು. ನುಗ್ಗುತ್ತಿದ್ದವರಿಗೆ ಕೈ ಅಡ್ಡ ಹಿಡಿದು ಮುನಿಯಣ್ಣ, “ಮೊದ್ಲು ನಮ್ಮ ಹುಡುಗಿ ಹತ್ಲಿ” ಎಂದರು.